ನೋಡುಗರ ಕೈ ಮೊಬೈಲಿಗೆ ಹೋಗದಂತೆ: ಕಿರುಚಿತ್ರದ ಗತಿ, ಧಾಟಿ, ನಟನೆ

ಆಲ್ದೂರಿನ ಆಚೆಗಿನ ಒಂದು ಕಾಫಿ ತೋಟದಲ್ಲಿ ಐದಾರು ಹುಡುಗ ಹುಡುಗಿಯರು ಸೇರಿ ಒಂದು ಕಿರುಚಿತ್ರ ಮಾಡಿದರು. ಸಂಕಲನಕ್ಕೆ ನನ್ನನ್ನು ಕರೆದಿದ್ದರು. ಮೊದಲ ಪ್ರತಿಯನ್ನು ಚಿಕ್ಕಮಗಳೂರಿನ ಒಂದು ಮನೆಯ ಮಹಡಿಯಲ್ಲಿ, ಗೋಡೆಗೆ ಬಿಳಿ ಪಂಚೆ ಬಿಗಿದು, ಇಪ್ಪತ್ತು ಜನರಿಗೆ ತೋರಿಸಿದೆವು. ಒಂಬತ್ತು ನಿಮಿಷದ ಚಿತ್ರ. ಚಿತ್ರೀಕರಣ ಅಂದವಾಗಿತ್ತು, ಕಥೆ ನಿಜವಾಗಿತ್ತು, ನಟಿಸಿದವರು ತೋಟದ ಬದುಕನ್ನು ಬಲ್ಲವರೇ ಆಗಿದ್ದರು. ಆದರೂ ಮೂರನೆಯ ನಿಮಿಷಕ್ಕೆ ಕತ್ತಲಲ್ಲಿ ಒಂದು ಮೊಬೈಲ್ ಬೆಳಗಿತು. ಅದರ ಹಿಂದೆಯೇ ಇನ್ನೆರಡು.

ಐದು ವಾರಗಳ ನಂತರ ಅದೇ ಚಿತ್ರ 6 ನಿಮಿಷ 20 ಸೆಕೆಂಡಿಗೆ ಇಳಿದಿತ್ತು. ಮರಳಿ ಚಿತ್ರಿಸಿದ್ದು ಮೂರೇ ಶಾಟ್. ಆ ಸಲ ಯಾರೂ ಜೇಬಿಗೆ ಕೈ ಹಾಕಲಿಲ್ಲ. ಆ ಐದು ವಾರಗಳಲ್ಲಿ ನಾವು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಮೊಬೈಲ್ ಕ್ಯಾಮೆರಾ ಹಿಡಿದು ಮೊದಲ ಚಿತ್ರಕ್ಕೆ ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಅವರ ಶ್ರಮ ಮೂರನೆಯ ನಿಮಿಷಕ್ಕೆ ಪೋಲಾಗುವುದನ್ನು ನೋಡಲು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮೊದಲು ಆ ಚಿತ್ರದ ಕಥೆ. ಶನಿವಾರ ಸಂಜೆ, ತೋಟದ ಕಚೇರಿಯ ಮುಂದೆ ಬಟವಾಡೆ, ಅಂದರೆ ವಾರದ ಕೂಲಿ ಹಂಚುವುದು. ಹಾಸನದ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳಿಗೆ ಜ್ವರ ಎಂದು ಕೊಯ್ಲಿನ ಹೆಂಗಸೊಬ್ಬಳಿಗೆ ಬೆಳಿಗ್ಗೆ ಫೋನ್ ಬಂದಿದೆ. ವಾರದ ಕೂಲಿಯ ಜೊತೆಗೆ ಎರಡು ಸಾವಿರ ರೂಪಾಯಿ ಮುಂಗಡ ಸಿಕ್ಕರೆ ಅವಳು ಇವತ್ತೇ ಬಸ್ಸು ಹತ್ತಬಹುದು. ಬಟವಾಡೆ ಮಾಡುವವರು ತೋಟದ ರೈಟರು, ಅಂದರೆ ಹಾಜರಿ ಮತ್ತು ಲೆಕ್ಕ ಬರೆಯುವವರು. ಒಳ್ಳೆಯ ಮನುಷ್ಯ. ಆದರೆ ಈ ವಾರ ಯಾರಿಗೂ ಮುಂಗಡ ಬೇಡ ಎಂದು ಸಾಹುಕಾರರು ಹೇಳಿಬಿಟ್ಟಿದ್ದಾರೆ. ಅವಳು ಕೇಳುತ್ತಾಳೆಯೇ, ಇವರು ಕೊಡುತ್ತಾರೆಯೇ? ಇಷ್ಟೇ ಕಥೆ.

ಕಥೆಯನ್ನು ಮೊದಲು ಬಾಯಲ್ಲಿ ಹೇಳಿ

ಕ್ಯಾಮೆರಾ ಮುಟ್ಟುವ ಮೊದಲು, ಸಾಧ್ಯವಾದರೆ ಬರೆಯುವುದಕ್ಕೂ ಮೊದಲು, ಕಥೆಯನ್ನು ಒಬ್ಬರಿಗೆ ಹೇಳಿ. ಕೇಳುವವರು ಸಿನಿಮಾದವರಾಗಿರಬಾರದು. ಮನೆಯ ಅಜ್ಜಿಯೋ, ಪಕ್ಕದ ಅಂಗಡಿಯವರೋ ಆದರೆ ಒಳ್ಳೆಯದು. ಹೇಳುವಾಗ ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಿ.

ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟುತ್ತಾರೆ. ಆ 'ಹೂಂ'ಗೆ ಕಿವಿ ಕೊಡಿ. ಅದು ತಡವಾಗಿ ಬರತೊಡಗಿದ ಕಡೆ ಕಥೆ ಸಡಿಲವಾಗಿದೆ. 'ಹೂಂ' ನಿಂತು 'ಆಮೇಲೆ?' ಬಂದ ಕಡೆ ಕಥೆ ಅವರನ್ನು ಹಿಡಿದಿದೆ. ನೀವು ಹೇಳುವ ಬಗೆಯನ್ನೂ ಗಮನಿಸಿ. ತೋಟದ ವರ್ಣನೆಯನ್ನು ಒಂದೇ ಉಸಿರಿನಲ್ಲಿ ದಾಟಿ, ಅವಳು ಮೇಜಿನ ಮುಂದೆ ನಿಂತ ಗಳಿಗೆಗೆ ಬಂದಾಗ ದನಿ ತಾನಾಗಿ ತಗ್ಗುತ್ತದೆ, ಮಾತು ನಿಧಾನವಾಗುತ್ತದೆ. ಚಿತ್ರದ ಗತಿ ಅಲ್ಲೇ ಇದೆ. ನಮ್ಮ ತಂಡದ ಹುಡುಗಿ ಈ ಕಥೆಯನ್ನು ಬಾಯಲ್ಲಿ ಹೇಳಿದಾಗ ಬಟವಾಡೆಯ ಸಾಲಿಗೆ ಬರಲು ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಚಿತ್ರದಲ್ಲಿ ಅದೇ ಜಾಗಕ್ಕೆ ಬರಲು ಐದು ನಿಮಿಷ ತೆಗೆದುಕೊಂಡಿದ್ದಳು.

ಯಾರಿಗೆ ಏನು ಗೊತ್ತು?

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಗತಿ ಎಂದ ಕೂಡಲೇ ಹೊಸಬರು ವೇಗದ ಕಡೆ ಹೋಗುತ್ತಾರೆ. ಶಾಟ್‌ಗಳನ್ನು ಚಿಕ್ಕದು ಮಾಡುತ್ತಾರೆ, ಕ್ಯಾಮೆರಾ ಓಡಿಸುತ್ತಾರೆ, ತಾಳದ ಸಂಗೀತ ಹಾಕುತ್ತಾರೆ. ನಾನು ನೋಡಿರುವ ಮಟ್ಟಿಗೆ, ಬೇಸರ ತರುವ ಚಿತ್ರಗಳಲ್ಲಿ ಅರ್ಧದಷ್ಟು ವೇಗವಾಗಿಯೇ ಇರುತ್ತವೆ. ನೋಡುಗರನ್ನು ಕೂರಿಸುವುದು ಅವರ ಮನಸ್ಸಿನಲ್ಲಿ ತೆರೆದುಕೊಂಡ ಒಂದು ಪ್ರಶ್ನೆ. ಆ ಪ್ರಶ್ನೆ ಯಾವಾಗ ಹುಟ್ಟುತ್ತದೆ, ಎಷ್ಟು ಹೊತ್ತು ಉತ್ತರವಿಲ್ಲದೆ ಉಳಿಯುತ್ತದೆ, ಉತ್ತರ ಯಾವ ತುಂಡುಗಳಲ್ಲಿ ಸಿಗುತ್ತದೆ ಎಂಬುದನ್ನೇ ನಾನು ಗತಿ ಎನ್ನುತ್ತೇನೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಚಿತ್ರಿತವಾದ ದೊಡ್ಡ ಉದಾಹರಣೆ ಇದೆ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' 1970ರ ಚಿತ್ರ, ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ತೆಗೆದದ್ದು. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಅವನ ಸಂಸ್ಕಾರ ಯಾರು ಮಾಡಬೇಕು ಎಂಬುದು ತೀರ್ಮಾನವಾಗುವುದಿಲ್ಲ. ಹೆಣ ಮನೆಯಲ್ಲಿರುವ ತನಕ ಅಗ್ರಹಾರದವರು ಊಟ ಮಾಡುವಂತಿಲ್ಲ. ಈ ಒಂದು ಏರ್ಪಾಡನ್ನು ಗಮನಿಸಿ. ಹಸಿವು ಏರುತ್ತದೆ, ಹೆಣ ಕೊಳೆಯುತ್ತದೆ, ಗಡಿಯಾರ ತೋರಿಸದೆಯೇ ಹೊತ್ತು ಒತ್ತುತ್ತದೆ. ಇದರ ಮೇಲೆ ಉತ್ತರ ಹುಡುಕುವ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಎಷ್ಟು ಹೊತ್ತು ಗ್ರಂಥ ತಿರುವಿದರೂ ನಮಗೆ ನಿಧಾನ ಎನಿಸುವುದಿಲ್ಲ. ಒತ್ತಡ ಕಥೆಯ ಬುಡದಲ್ಲಿದ್ದರೆ ಶಾಟ್ ನಿಧಾನವಾಗಿರಬಹುದು.

ಈಗ ನಿಮ್ಮ ಕಥೆಗೆ ಬನ್ನಿ. ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ: ನೋಡುಗರು, ಮೊದಲ ಪಾತ್ರ, ಎರಡನೆಯ ಪಾತ್ರ. ಪ್ರತಿ ದೃಶ್ಯದ ಕೊನೆಗೆ ಯಾರಿಗೆ ಏನೇನು ಗೊತ್ತಾಗಿದೆ ಎಂದು ಬರೆಯುತ್ತಾ ಹೋಗಿ. ನಮ್ಮ ಚಿತ್ರದ ರೋಗ ಈ ಹಾಳೆಯಲ್ಲಿ ಕಣ್ಣಿಗೆ ಹೊಡೆಯಿತು. ಮೊದಲ ಪ್ರತಿಯಲ್ಲಿ ಅವಳು ಲೈನ್ ಮನೆಯ (ತೋಟದ ಕೂಲಿಯವರ ಸಾಲು ಮನೆ) ಮುಂದೆ ಗೆಳತಿಯ ಹತ್ತಿರ ಎಲ್ಲವನ್ನೂ ಹೇಳಿಬಿಡುತ್ತಿದ್ದಳು: ಮಗಳಿಗೆ ಜ್ವರ, ಎರಡು ಸಾವಿರ ಬೇಕು, ಸಾಹುಕಾರರು ಮುಂಗಡ ಬೇಡ ಎಂದಿದ್ದಾರಂತೆ, ರೈಟರು ಒಳ್ಳೆಯವರು, ನೋಡೋಣ. ಎರಡನೆಯ ನಿಮಿಷಕ್ಕೇ ಎಲ್ಲರಿಗೂ ಎಲ್ಲವೂ ಗೊತ್ತು. ಆಮೇಲೆ ಸಾಲಿನಲ್ಲಿ ನಡೆಯುವುದೆಲ್ಲ ಈಗಾಗಲೇ ಹೇಳಿದ್ದರ ಪುನರಾವರ್ತನೆ. ಮೊಬೈಲ್ ಬೆಳಗದೆ ಇನ್ನೇನಾಗುತ್ತದೆ?

ಆ ದೃಶ್ಯವನ್ನು ಪೂರ್ತಿ ತೆಗೆದೆವು. ಬದಲಿಗೆ ಎರಡು ಶಾಟ್ ಸೇರಿಸಿದೆವು. ಒಂದು, ಗಿಡದ ನಡುವೆ ಕುಕ್ಕೆ ಕಟ್ಟಿಕೊಂಡೇ ಅವಳು ಫೋನ್ ಕೇಳುವುದು. ಮಾತು ಆ ಕಡೆಯದು, ನಮಗೆ ಕೇಳಿಸುವುದು 'ಜ್ವರ' ಮತ್ತು 'ಹಾಸ್ಟೆಲ್' ಎರಡೇ ಪದ. ಇನ್ನೊಂದು, ಸಾಹುಕಾರರು ಜೀಪಿನ ಕಿಟಕಿಯಿಂದ ರೈಟರಿಗೆ ಹೇಳುವುದು: "ಈ ವಾರ ಯಾರಿಗೂ ಮುಂಗಡ ಬೇಡ ರೈಟರೇ." ಜೀಪು ಹೊರಟುಹೋಗುತ್ತದೆ. ಈಗ ಅವಳಿಗೆ ಅರ್ಧ ಗೊತ್ತು, ಅವರಿಗೆ ಇನ್ನರ್ಧ ಗೊತ್ತು, ಎರಡೂ ಗೊತ್ತಿರುವುದು ನೋಡುಗರಿಗೆ ಮಾತ್ರ. ಸಾಲು ಒಂದೊಂದು ಹೆಜ್ಜೆ ಮುಂದೆ ಸರಿದಂತೆ ನೋಡುಗರ ಎದೆ ಬಿಗಿಯುತ್ತದೆ, ಏಕೆಂದರೆ ಆ ಇಬ್ಬರ ನಡುವೆ ಆಗಲಿರುವುದನ್ನು ಅವರು ಮುಂಚೆಯೇ ಕಂಡಿದ್ದಾರೆ.

ಎಲ್ಲವನ್ನೂ ಮುಚ್ಚಿಡಬೇಕು ಎಂದು ಇದರಿಂದ ತಿಳಿಯಬೇಡಿ. ಕೊನೆಯಲ್ಲಿ ಚಕಿತಗೊಳಿಸುವ ಆಸೆಗೆ ಮೊದಲಿನಿಂದ ಮುಖ್ಯ ಸಂಗತಿಯನ್ನೇ ಬಚ್ಚಿಟ್ಟರೆ ನೋಡುಗರಿಗೆ ಕಾಯಲು ಕಾರಣವೇ ಇರುವುದಿಲ್ಲ. ಹಂಚಿಕೆ ಮುಖ್ಯ.

ಧಾಟಿಗೆ ಒಂದು ಪದ ಹುಡುಕಿ

ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸ್ಥಾಯಿಭಾವಗಳು, ಮೂವತ್ತಮೂರು ಸಂಚಾರಿಭಾವಗಳು. ನೆಲೆ ನಿಂತದ್ದು ಸ್ಥಾಯಿ, ಬಂದು ಹೋಗುವುದು ಸಂಚಾರಿ. ನಾನು ಈ ಮಾತುಗಳನ್ನು ಶಾಸ್ತ್ರದವರಷ್ಟು ಬಿಗಿಯಾಗಿ ಬಳಸುತ್ತಿಲ್ಲ. ಆದರೆ ಚಿತ್ರದ ಧಾಟಿಯನ್ನು ಹೊಸಬರಿಗೆ ವಿವರಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಸಿಕ್ಕಿಲ್ಲ. ಚಿತ್ರದುದ್ದಕ್ಕೂ ಅಡಿಯಲ್ಲಿ ಹರಿಯುವ ಒಂದು ಭಾವ ಇರಬೇಕು. ನಗು, ಸಿಟ್ಟು, ಭಯ ಯಾವುದು ಬಂದರೂ ಅದರ ಮೇಲೆ ಬಂದು ಹೋಗಬೇಕು.

ಆ ಭಾವಕ್ಕೆ ಒಂದೇ ಒಂದು ಪದ ಹುಡುಕಿ ಗೋಡೆಯ ಮೇಲೆ ಬರೆದು ಅಂಟಿಸಿ. 'ಬಡತನ', 'ಶೋಷಣೆ' ಎಂಬಂಥ ವಿಷಯದ ಪದಗಳು ಬೇಡ, ಮೈಗೆ ತಾಗುವ ಪದ ಬೇಕು. ನಮ್ಮ ತಂಡ ಎರಡು ಸಂಜೆ ಜಗಳವಾಡಿ ಕೊನೆಗೆ 'ಸಂಕೋಚ' ಎಂಬಲ್ಲಿಗೆ ಬಂದಿತು. ಅವಳಿಗೆ ಕೇಳಲು ಸಂಕೋಚ, ಅವರಿಗೆ ಇಲ್ಲವೆನ್ನಲು ಸಂಕೋಚ. ಆ ಪದ ಸಿಕ್ಕಿದ ಮೇಲೆ ನೂರು ನಿರ್ಧಾರಗಳು ಸಲೀಸಾದವು. ಕೊನೆಯಲ್ಲಿ ರೈಟರು ಬಡವರ ಕಷ್ಟದ ಬಗ್ಗೆ ನಾಲ್ಕು ವಾಕ್ಯ ಮಾತಾಡುತ್ತಿದ್ದರು. ಸಂಕೋಚದ ಮನುಷ್ಯ ಹಾಗೆ ಮಾತಾಡುವುದಿಲ್ಲ, ತೆಗೆದೆವು. ಸಾಲಿನಲ್ಲಿ ಒಬ್ಬ ತನ್ನ ಕೂಲಿಯ ಬಗ್ಗೆ ಆಡುವ ತಮಾಷೆ ಉಳಿಯಿತು, ಏಕೆಂದರೆ ಅವನೂ ಆ ತಮಾಷೆಯ ಹಿಂದೆ ನಾಚಿಕೆಯನ್ನೇ ಮುಚ್ಚಿಕೊಳ್ಳುತ್ತಿದ್ದ. ಗಟ್ಟಿ ಬಿಸಿಲಿನಲ್ಲಿ ತೆಗೆದ ಎರಡು ಶಾಟ್‌ಗಳು ಹೋದವು, ಇಳಿಹೊತ್ತಿನ ಮಬ್ಬು ಬೆಳಕಿನವು ಉಳಿದವು. ಪಿಟೀಲಿನ ಹಿನ್ನೆಲೆ ಸಂಗೀತ ಪೂರ್ತಿ ಹೋಯಿತು.

ಹಿನ್ನೆಲೆ ಸಂಗೀತದ ಬಗ್ಗೆ ನನ್ನ ನಿಲುವು ಸ್ವಲ್ಪ ಕಠಿಣ. ದೃಶ್ಯದಲ್ಲಿ ಇಲ್ಲದ ದುಃಖವನ್ನು ಪಿಟೀಲಿನಿಂದ ತುಂಬಿಸಲಾಗದು. ಮೊದಲ ಚಿತ್ರವನ್ನಾದರೂ ಸಂಗೀತವಿಲ್ಲದೆ ಕಟ್ಟಿ. ಹಾಗೆ ಕಟ್ಟಿದಾಗ ಯಾವ ದೃಶ್ಯ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂಬುದು ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ನಟರ ಕೈಗೆ ಕೆಲಸ ಕೊಡಿ

ವೃತ್ತಿ ನಟರಿಲ್ಲದೆ ಚಿತ್ರ ಮಾಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ 'ತಿಥಿ'ಯಲ್ಲಿ ನಟಿಸಿದವರು ಮಂಡ್ಯ ಜಿಲ್ಲೆಯ ಹಳ್ಳಿಯ ಜನ. ಮಾಡಬಹುದು. ಕಷ್ಟ ಬರುವುದು ಬೇರೆ ಕಡೆ: ಒಂದೇ ದೃಶ್ಯದಲ್ಲಿ ಎರಡು ಬಗೆಯ ನಟನೆ ಸೇರಿದಾಗ.

ನಮ್ಮ ಚಿತ್ರದಲ್ಲಿ ಹೆಂಗಸಿನ ಪಾತ್ರ ಮಾಡಿದವರು ನಿಜವಾಗಿಯೂ ಕೊಯ್ಲಿಗೆ ಹೋಗುವವರು. ಕ್ಯಾಮೆರಾ ಮುಂದೆ ಅವರು ಏನನ್ನೂ 'ಮಾಡುತ್ತಿರಲಿಲ್ಲ', ಇರುತ್ತಿದ್ದರು. ರೈಟರ ಪಾತ್ರ ಮಾಡಿದವರು ಇಪ್ಪತ್ತು ವರ್ಷ ನಾಟಕದ ವೇದಿಕೆ ಕಂಡವರು. ಹಿಂದಿನ ಸಾಲಿಗೂ ಕೇಳುವಂತೆ ಮಾತಾಡುವುದು ಅವರ ರಕ್ತದಲ್ಲಿತ್ತು. ವೇದಿಕೆಯಲ್ಲಿ ಅದು ಗುಣ. ಆದರೆ ಎರಡಡಿ ದೂರದ ಮೈಕಿನ ಮುಂದೆ "ಮುಂದೆ!" ಎಂದು ಕರೆದಾಗ ಆ ಹೆಂಗಸಿನ ಮೌನ ಒಡೆದುಹೋಗುತ್ತಿತ್ತು. ದನಿ ತಗ್ಗಿಸಿ ಎಂದು ಹೇಳಿದರೆ ತಗ್ಗಿಸಿದ ದನಿಯನ್ನೂ ಅವರು ನಟಿಸುತ್ತಿದ್ದರು.

ಪರಿಹಾರ ಬಹಳ ಸರಳವಾಗಿತ್ತು. ಮೇಜಿನ ಮೇಲೆ ಹತ್ತು ರೂಪಾಯಿಯ ನಿಜವಾದ ನೋಟುಗಳ ಕಟ್ಟುಗಳನ್ನು ಇಟ್ಟು, ಪ್ರತಿಯೊಬ್ಬರಿಗೂ ಲೆಕ್ಕ ತಪ್ಪದಂತೆ ನಿಜವಾಗಿಯೇ ಎಣಿಸಿ ಕೊಡಿ ಎಂದೆವು. ಶಾಟ್ ಮುಗಿದ ಮೇಲೆ ಮೊತ್ತ ತಾಳೆ ನೋಡುತ್ತೇವೆ ಎಂದೂ ಹೇಳಿದೆವು. ಎಣಿಕೆಗೆ ಗಮನ ಹೋದದ್ದೇ ತಡ, ದನಿ ಇಳಿಯಿತು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಟು ಸರಿಸುತ್ತಾ, ತಲೆ ಎತ್ತದೆ, ಅರ್ಧ ಉಸಿರಿನಲ್ಲಿ "ಮುಂದೆ" ಎಂದರು. ಮರಳಿ ಚಿತ್ರಿಸಿದ ಮೂರನೆಯ ಶಾಟ್ ಇದೇ. ಅಂದಿನಿಂದ ನಾನು ಯಾವ ನಟರಿಗೂ 'ದುಃಖದಿಂದ ಹೇಳಿ' ಎಂದು ಹೇಳಿಲ್ಲ. ಮೆಣಸು ಆರಿಸುವುದು, ಹಗ್ಗದ ಗಂಟು ಬಿಚ್ಚುವುದು, ಹಾಜರಿ ಪುಸ್ತಕದಲ್ಲಿ ಸಾಲು ಎಳೆಯುವುದು, ಹೀಗೆ ಗಮನ ಬೇಡುವ ಒಂದು ಕೆಲಸ ಕೊಡುತ್ತೇನೆ. ಮಾತು ಅದರ ಮಧ್ಯೆ ತಾನೇ ದಾರಿ ಮಾಡಿಕೊಂಡು ಬರುತ್ತದೆ.

ತಾಲೀಮಿಗೆ ಎರಡು ಉಪಾಯ ಹೇಳುತ್ತೇನೆ, ಎರಡೂ ನಮ್ಮ ಸುತ್ತಲೇ ಸಿಗುವಂಥವು. ಚಿಕ್ಕಮಗಳೂರಿನಿಂದ ಬೇಲೂರು 25 ಕಿಲೋಮೀಟರ್ ಆಸುಪಾಸು. ನಟರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಚೆನ್ನಕೇಶವ ದೇವಾಲಯದ ಮದನಿಕೆಯರ, ಅಂದರೆ ಆ ಹೆಣ್ಣು ಶಿಲ್ಪಗಳ, ಕೆಳಗೆ ನಿಲ್ಲಿಸಿ. ಕನ್ನಡಿ ನೋಡಿಕೊಳ್ಳುವವಳ ಕತ್ತು ಎಷ್ಟು ವಾಲಿದೆ, ಕೋತಿ ಸೀರೆ ಎಳೆಯುತ್ತಿರುವವಳ ಭಾರ ಯಾವ ಕಾಲಿನ ಮೇಲಿದೆ, ಅವಳ ಸಿಟ್ಟು ಮೈಯಲ್ಲಿ ಎಲ್ಲಿದೆ ಎಂದು ಕೇಳಿ. ಆಮೇಲೆ ಆ ನಿಲುವನ್ನು ತಮ್ಮ ಮೈಯಲ್ಲಿ ತಂದುಕೊಳ್ಳಲು ಹೇಳಿ. ಮಾತಿಲ್ಲದೆ ಮೈ ಎಷ್ಟು ಹೇಳಬಲ್ಲದು ಎಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ.

ಇನ್ನೊಂದು ತಾಳಮದ್ದಳೆ, ಯಕ್ಷಗಾನದ ಪ್ರಸಂಗವನ್ನು ಹಾಡು ಮತ್ತು ಮಾತಿನಲ್ಲೇ ನಡೆಸುವ ಕಲೆ. ಮಳೆಗಾಲದಲ್ಲಿ ಶೃಂಗೇರಿ, ಕೊಪ್ಪದ ಕಡೆ ಕೂಟಗಳು ನಡೆಯುತ್ತವೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕುಳಿತಲ್ಲೇ ಮಾತಾಡುತ್ತಾರೆ. ಆದರೂ ಜನ ಗಂಟೆಗಟ್ಟಲೆ ಕದಲುವುದಿಲ್ಲ. ನಿಮ್ಮ ನಟರಿಗೆ ಅಲ್ಲಿ ಮಾತಾಡುವವರನ್ನು ಬಿಟ್ಟು, ಕೇಳಿಸಿಕೊಳ್ಳುತ್ತಿರುವ ಅರ್ಥಧಾರಿಯನ್ನು ನೋಡಲು ಹೇಳಿ. ಎದುರಿನವರ ಮಾತು ಎಲ್ಲಿ ತಾಗಿತು, ಉತ್ತರ ಎಲ್ಲಿ ಹುಟ್ಟಿತು ಎಂಬುದು ಆ ಮುಖದಲ್ಲಿ ಕಾಣುತ್ತದೆ. ಸಿನಿಮಾದ ನಟನೆಯಲ್ಲಿ ಬಹುಪಾಲು ಹೀಗೆ ಕೇಳಿಸಿಕೊಳ್ಳುವ ಕೆಲಸವೇ.

ಚಿತ್ರೀಕರಣದ ದಿನ

ಇದನ್ನು ಬೇಗ ಮುಗಿಸುತ್ತೇನೆ, ಉಪಕರಣಗಳ ಬಗ್ಗೆ ಬರೆದವರು ಬೇಕಾದಷ್ಟು ಇದ್ದಾರೆ. ಮೊಬೈಲಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಎಂದು ಕಟ್ಟಿಹಾಕಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಈ ಲೆಕ್ಕದಲ್ಲಿ ಟ್ಯೂಬ್‌ಲೈಟಿನ ಮಿಣುಕು ಕಾಡುವುದಿಲ್ಲ. ಬೆಳಕು ಮತ್ತು ಬಣ್ಣದ ಹೊಂದಾಣಿಕೆಯನ್ನು ಯಂತ್ರದ ಪಾಡಿಗೆ ಬಿಡದೆ ಬೀಗ ಹಾಕಿ. ಕೊಯ್ಲಿನ ತಿಂಗಳುಗಳಲ್ಲಿ ಬೆಳಗಿನ ಮಂಜು ನೋಡನೋಡುತ್ತಲೇ ಕರಗುತ್ತದೆ. ಮಂಜಿನಲ್ಲಿ ಶುರುಮಾಡಿದ ದೃಶ್ಯವನ್ನು ಮಂಜಿನಲ್ಲೇ ಮುಗಿಸುವಷ್ಟು ಚಿಕ್ಕದಾಗಿ ಯೋಜಿಸಿ. ಕಾಫಿ ಹೂವಿನ ನಡುವೆ ತೆಗೆಯುವ ಆಸೆಯಿದ್ದರಂತೂ ಹೂ ಮಳೆ (ಕಾಫಿ ಮೊಗ್ಗನ್ನು ಅರಳಿಸುವ ಮಳೆ) ಬಿದ್ದ ದಿನದಿಂದಲೇ ಲೆಕ್ಕ ಇಡಿ. ಸುಮಾರು ಹತ್ತು ದಿನಕ್ಕೆ ಅರಳಿ, ಮೂರು ನಾಲ್ಕು ದಿನಕ್ಕೆಲ್ಲ ಕಂದಿಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ಶಾಟ್ ಮುಗಿಯಿತು ಎನಿಸಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ 'ಕಟ್' ಹೇಳಿ. ಯಾಕೆ ಎಂಬುದು ಮುಂದಿನ ಭಾಗದಲ್ಲಿದೆ.

ಸಂಕಲನ: ಮೊದಲು ತಾಳ ಕೂರಿಸಿ, ಆಮೇಲೆ ಮುರಿಯಿರಿ

ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಕತ್ತರಿ ಎಲ್ಲಿ ಬೀಳಬೇಕು ಎಂಬುದಕ್ಕೆ ಆರು ಅಳತೆಗಳನ್ನು ಕೊಟ್ಟು, ಒಂದೊಂದಕ್ಕೂ ತೂಕ ಹಚ್ಚಿದ್ದಾರೆ. ಭಾವಕ್ಕೆ ಶೇಕಡಾ 51, ಕಥೆಗೆ 23, ಲಯಕ್ಕೆ 10. ಕೈ ಕಾಲುಗಳ ಸ್ಥಾನ, ದಿಕ್ಕು ಇವೆಲ್ಲ ಆಮೇಲೆ. ಹೊಸಬರು ಈ ಪಟ್ಟಿಯನ್ನು ಕೊನೆಯಿಂದ ಓದುತ್ತಾರೆ. ಹಿಂದಿನ ಶಾಟ್‌ನಲ್ಲಿ ಲೋಟ ಬಲಗೈಯಲ್ಲಿತ್ತು ಎಂಬ ಚಿಂತೆಗೆ ಒಳ್ಳೆಯ ನಟನೆಯ ತುಂಡನ್ನೇ ಬಿಟ್ಟುಬಿಡುತ್ತಾರೆ. ಭಾವ ಸರಿಯಿದ್ದರೆ ಲೋಟವನ್ನು ಯಾರೂ ನೋಡುವುದಿಲ್ಲ.

ಮೊದಲ ಸುತ್ತಿನಲ್ಲಿ ಬರುವುದು ಹೋಗುವುದನ್ನು ಕತ್ತರಿಸಿ. ಬಾಗಿಲು ತೆರೆಯುವುದು, ಅಂಗಳ ದಾಟುವುದು, ಕುರ್ಚಿ ಎಳೆದು ಕೂರುವುದು, ನಮಸ್ಕಾರ, ಕಾಫಿ ಆಯಿತೇ. ದೃಶ್ಯವನ್ನು ಆದಷ್ಟು ತಡವಾಗಿ ಹೊಕ್ಕು, ಪ್ರಶ್ನೆ ಇನ್ನೂ ಬಿಸಿಯಾಗಿರುವಾಗಲೇ ಹೊರಬನ್ನಿ. ನಮ್ಮ ಚಿತ್ರದ ಆರಂಭದಲ್ಲಿ ಮುಳ್ಳಯ್ಯನಗಿರಿಯ ಮೇಲೆ ಮಂಜು ಹರಡುವ ನಲವತ್ತು ಸೆಕೆಂಡಿನ ಡ್ರೋನ್ ಶಾಟ್ ಇತ್ತು. ಅದನ್ನು ಚಿತ್ರಿಸಲು ನಡುಕತ್ತಲಲ್ಲಿ ಎದ್ದು ಹೋಗಿದ್ದ ಹುಡುಗನ ಮುಖ ನೋಡಿ ನನಗೂ ಕೈ ಬರಲಿಲ್ಲ. ಆದರೆ ಆ ಬೆಟ್ಟ ನಮ್ಮ ಕಥೆಯ ಯಾವ ಪ್ರಶ್ನೆಯನ್ನೂ ಎತ್ತುತ್ತಿರಲಿಲ್ಲ. ಕೊನೆಗೆ ಅವನೇ ಮೌಸ್ ಹಿಡಿದು ಅಳಿಸಿದ. ಆ ದಿನ ಅವನು ಚಿತ್ರ ಮಾಡುವವನಾದ ಎಂದೇ ನಾನು ತಿಳಿದಿದ್ದೇನೆ.

ಎರಡನೆಯ ಸುತ್ತು ಲಯದ್ದು. ಬಟವಾಡೆಯ ಸಾಲನ್ನು ಅವರು ಮೊದಲು ಎರಡೆರಡು ಸೆಕೆಂಡಿನ ಚೂರುಗಳಾಗಿ ಕತ್ತರಿಸಿದ್ದರು. ಮುಖ, ನೋಟು, ಪಾದ, ಮುಖ, ಆಕಾಶ. ಚುರುಕಾಗಿತ್ತು, ಆದರೆ ಏನೂ ಕೂರುತ್ತಿರಲಿಲ್ಲ. ಅದನ್ನು ಬಿಚ್ಚಿ ಹೀಗೆ ಕಟ್ಟಿದೆವು. ಮೊದಲ ಆಳು: ಹೆಸರು, ಎಣಿಕೆ, ಸಹಿ, "ಮುಂದೆ". ಎರಡನೆಯ ಆಳು: ಹೆಸರು, ಎಣಿಕೆ, ಸಹಿ, "ಮುಂದೆ". ಮೂರನೆಯ ಆಳಿಗೂ ಅಷ್ಟೇ ಹೊತ್ತು, ಅದೇ ಕೋನ, ಅದೇ ಕ್ರಮ. ಮೂರು ಆವರ್ತ ಆಗುವಷ್ಟರಲ್ಲಿ ನೋಡುಗರ ಮೈಯಲ್ಲಿ ತಾಳ ಕೂತಿರುತ್ತದೆ. ನಾಲ್ಕನೆಯವಳು ಇವಳು. ಹೆಸರು, ಎಣಿಕೆ, ಸಹಿ, "ಮುಂದೆ". ಅವಳು ಕದಲುವುದಿಲ್ಲ.

ಇಲ್ಲಿ ನಾವು ಹನ್ನೊಂದು ಸೆಕೆಂಡ್ ಕತ್ತರಿ ಹಾಕದೆ ಬಿಟ್ಟೆವು. ಕೈಯಲ್ಲಿ ಕೂಲಿಯ ಹಣ, ಹಣದ ಮೇಲೆ ಇನ್ನೊಂದು ಕೈ, ಸೆರಗಿನ ತುದಿ ಬೆರಳಿಗೆ ಸುತ್ತಿದೆ. ಅವಳು ರೈಟರನ್ನು ನೋಡುತ್ತಾಳೆ, ಮೇಜನ್ನು ನೋಡುತ್ತಾಳೆ, ಒಮ್ಮೆ ಉಗುಳು ನುಂಗುತ್ತಾಳೆ. ಹಿಂದಿನ ಹೆಂಗಸು ಕತ್ತು ಚಾಚಿ ಇಣುಕುತ್ತಾಳೆ. ಲೆಕ್ಕಕ್ಕೆ ನೋಡಿದರೆ ಚಿತ್ರದ ಅತಿ ಉದ್ದದ ಶಾಟ್ ಅದು, ಏನೂ ನಡೆಯದ ಶಾಟ್. ಎಲ್ಲರೂ ಉಸಿರು ಹಿಡಿದದ್ದೂ ಅಲ್ಲಿಯೇ.

ಆ ಶಾಟ್ ಸಿಕ್ಕಿದ್ದು ಹೇಗೆ ಗೊತ್ತೇ? ಚಿತ್ರೀಕರಣದ ದಿನ ದೃಶ್ಯ ಮುಗಿದಿತ್ತು, ಕ್ಯಾಮೆರಾ ಮಾತ್ರ ಇನ್ನೂ ಓಡುತ್ತಿತ್ತು. ಮುಂದೆ ಏನು ಮಾಡಬೇಕು ಎಂದು ಯಾರಾದರೂ ಹೇಳಲಿ ಎಂದು ಆ ಅಮ್ಮ ಸುಮ್ಮನೆ ಕಾಯುತ್ತಾ ನಿಂತಿದ್ದರು. ಅಷ್ಟೇ. ಮಗಳ ಜ್ವರವನ್ನೂ, ಕೇಳಲಾರದ ಸಂಕಟವನ್ನೂ ಅವರ ಮುಖದಲ್ಲಿ ಓದಿಕೊಂಡವರು ನಾವು. 1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೋವ್ ಮಾಡಿದ ಪ್ರಯೋಗವೂ ಇದೇ ಜಾಡಿನದು. ಇವಾನ್ ಮೊಸ್ಜುಕಿನ್ ಎಂಬ ನಟನ ಒಂದೇ ಮುಖದ ಶಾಟನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಣ್ಣು ಈ ಮೂರರ ಪಕ್ಕದಲ್ಲಿ ಬೇರೆ ಬೇರೆಯಾಗಿ ಜೋಡಿಸಿದರು. ನೋಡಿದವರು ಒಂದೇ ಮುಖದಲ್ಲಿ ಹಸಿವು, ದುಃಖ, ಬಯಕೆ ಕಂಡು ನಟನನ್ನು ಹೊಗಳಿದರು ಎಂದು ಅವರ ಬಳಗದವರು ಬರೆದಿದ್ದಾರೆ. ಹಾಗಾಗಿಯೇ ಗತಿ, ಧಾಟಿ, ನಟನೆ ಈ ಮೂರನ್ನು ಬೇರೆ ಬೇರೆ ಇಲಾಖೆಗಳಂತೆ ನಡೆಸಲಾಗದು. ಜೀಪಿನ ಶಾಟ್ ಮತ್ತು ಫೋನಿನ ಶಾಟ್ ಮುಂಚೆ ಬಂದಿರದಿದ್ದರೆ ಆ ಅಮ್ಮನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಮೂರು ಆವರ್ತ ತಾಳ ಕೂರದಿದ್ದರೆ ಹನ್ನೊಂದು ಸೆಕೆಂಡ್ ಬರಿಯ ವಿಳಂಬ ಆಗುತ್ತಿತ್ತು.

ಇನ್ನೊಂದು ಸಣ್ಣ ಕಿವಿಮಾತು: ಮುಖದ ಶಾಟನ್ನು ಕತ್ತರಿಸುವಾಗ ನಟರ ರೆಪ್ಪೆ ನೋಡಿ. ಒಂದು ಯೋಚನೆ ಮುಗಿದು ಇನ್ನೊಂದು ಹುಟ್ಟುವ ಕಡೆ ಮನುಷ್ಯ ಸಾಮಾನ್ಯವಾಗಿ ರೆಪ್ಪೆ ಬಡಿಯುತ್ತಾನೆ. ಅಲ್ಲಿ ಹಾಕಿದ ಕತ್ತರಿ ಕಣ್ಣಿಗೆ ಚುಚ್ಚುವುದಿಲ್ಲ.

ಶಬ್ದಕ್ಕೆ ಒಂದು ಇಡೀ ದಿನ ಕೊಡಿ

ಚಿತ್ರ ತೆಗೆದ ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಜಾಗದ ಮೌನವನ್ನು ಮುದ್ರಿಸಿಕೊಳ್ಳಿ. ಜೀರುಂಡೆ, ದೂರದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಲೈನ್ ಮನೆಯ ರೇಡಿಯೋ, ಏನಿದೆಯೋ ಅದು. ಸಂಕಲನದಲ್ಲಿ ಎರಡು ಶಾಟ್‌ಗಳ ನಡುವಿನ ಬಿರುಕನ್ನು ಮುಚ್ಚುವುದು ಇದೇ. ಮುಂದಿನ ದೃಶ್ಯದ ಶಬ್ದವನ್ನು ಒಂದು ಸೆಕೆಂಡ್ ಮುಂಚೆಯೇ ತನ್ನಿ. ಗಿಡದ ನಡುವೆ ಅವಳು ಫೋನ್ ಇಡುತ್ತಿರುವಾಗಲೇ ಜೀಪಿನ ಸದ್ದು ಶುರುವಾಗುತ್ತದೆ, ಆಮೇಲೆ ಜೀಪು ಕಾಣುತ್ತದೆ. ಕಿವಿ ಮುಂದೆ ಹೋಗಿ ಕಣ್ಣನ್ನು ಕೈಹಿಡಿದು ಕರೆದೊಯ್ಯುತ್ತದೆ, ಕಥೆ ನಿಂತು ನಿಂತು ಸಾಗಿದಂತೆ ಅನಿಸುವುದಿಲ್ಲ.

ಆ ಹನ್ನೊಂದು ಸೆಕೆಂಡಿನಲ್ಲಿ ನಾವು ಇಟ್ಟುಕೊಂಡದ್ದು ಒಂದೇ ಶಬ್ದ, ರೈಟರು ಮುಂದಿನವರ ನೋಟು ಎಣಿಸುವ ಸರಸರ. ಏಳನೆಯ ಸೆಕೆಂಡಿಗೆ ಅದು ನಿಲ್ಲುತ್ತದೆ. ಅವರು ತಲೆ ಎತ್ತಿದ್ದಾರೆ ಎಂಬುದು ಅವರ ಮುಖ ತೋರಿಸುವ ಮೊದಲೇ ತಿಳಿಯುತ್ತದೆ. ಆಮೇಲೆ ಅವರ ಒಂದೇ ಮಾತು: "ಎಷ್ಟು ಬೇಕು ಅಕ್ಕಾ?" ಕೈ ಮೇಜಿನ ಖಾನೆಗೆ ಹೋಗುವುದಿಲ್ಲ, ತಮ್ಮ ಅಂಗಿಯ ಜೇಬಿಗೆ ಹೋಗುತ್ತದೆ. ಬಡವರ ಕಷ್ಟದ ನಾಲ್ಕು ವಾಕ್ಯಗಳು ಹೋದ ಜಾಗದಲ್ಲಿ ಈ ಮೂರು ಪದ ಕೂತವು.

ತೋರಿಸುವಾಗ ಪರದೆಯ ಕಡೆ ನೋಡಬೇಡಿ

ಮುಗಿಯಿತು ಎನಿಸಿದಾಗ ನಾಲ್ಕು ದಿನ ಚಿತ್ರವನ್ನು ಮುಟ್ಟಬೇಡಿ. ಆಮೇಲೆ ಕಥೆ ಗೊತ್ತಿಲ್ಲದ ಹತ್ತು ಜನರನ್ನು ಕೂರಿಸಿ. ನೀವು ಬದಿಯಲ್ಲಿ, ಅವರ ಮುಖ ಕಾಣುವಂತೆ ಕೂತು, ಕೈಯಲ್ಲಿ ಗಡಿಯಾರ ಮತ್ತು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರೋ ಕೂತ ಭಂಗಿ ಬದಲಿಸಿದರು, ಹೊತ್ತು ಬರೆಯಿರಿ. ಕೆಮ್ಮಿದರು, ಬರೆಯಿರಿ. ಮೊಬೈಲ್ ತೆಗೆದರು, ದಪ್ಪಕ್ಷರದಲ್ಲಿ ಬರೆಯಿರಿ. ಮುಗಿದ ಮೇಲೆ 'ಹೇಗಿತ್ತು?' ಎಂದು ಕೇಳಬೇಡಿ, ನಮ್ಮವರು ಸಜ್ಜನರು, ಚೆನ್ನಾಗಿತ್ತು ಎನ್ನುತ್ತಾರೆ. 'ಕಥೆ ಏನು, ಒಮ್ಮೆ ಹೇಳಿ' ಎಂದು ಕೇಳಿ. ಅವರು ಬಿಟ್ಟು ಹೇಳುವ ದೃಶ್ಯ ಚಿತ್ರಕ್ಕೆ ಬೇಕಿಲ್ಲದ ದೃಶ್ಯ. ಮೂವರು ಒಂದೇ ಜಾಗದಲ್ಲಿ ಅಲುಗಿದ್ದರೆ ಆ ಜಾಗಕ್ಕೂ ಅದರ ಹಿಂದಿನ ಒಂದು ನಿಮಿಷಕ್ಕೂ ಹಿಂತಿರುಗಿ. ತಪ್ಪು ಹೆಚ್ಚಾಗಿ ಅವರು ಅಲುಗಿದ ಕಡೆ ಇರುವುದಿಲ್ಲ, ಅದಕ್ಕಿಂತ ಸ್ವಲ್ಪ ಮುಂಚೆ ಇರುತ್ತದೆ.

ನಮ್ಮ ಚಿತ್ರದ ಕೊನೆಯ ಪ್ರತಿಯನ್ನು ಅದೇ ತೋಟದ ಕಣದಲ್ಲಿ ತೋರಿಸಿದೆವು. ಕೊಯ್ಲು ಮುಗಿದು ಕಣ ಖಾಲಿಯಿತ್ತು, ಚಾಪೆ ಹಾಸಿ ಲೈನಿನವರೆಲ್ಲ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಾನು ಬದಿಯಲ್ಲಿ ನೋಟ್‌ಬುಕ್ ಹಿಡಿದಿದ್ದೆ. ಸಾಲಿನಲ್ಲಿ ಅವಳು ಕದಲದೆ ನಿಂತಳು. ಒಂದು, ಎರಡು, ಮೂರು ಎಂದು ನಾನು ಎಣಿಸುತ್ತಿದ್ದೆ. ಆರಕ್ಕೆ ಬಂದಾಗ ಮುಂದಿನ ಚಾಪೆಯಲ್ಲಿದ್ದ ಒಬ್ಬ ಮುದುಕಿ ಪರದೆಯ ಕಡೆ ಕೈ ಚಾಚಿ, ಪಕ್ಕದ ಮನೆಯವಳಿಗೆ ಹೇಳುವಂತೆ, "ಕೇಳು ಮಾರಾಯ್ತಿ, ಕೇಳು" ಎಂದಳು.

ನಾನು ಹೊತ್ತು ಬರೆದುಕೊಂಡೆ: 4 ನಿಮಿಷ 12 ಸೆಕೆಂಡ್. ಪಕ್ಕದಲ್ಲಿ 'ಇದನ್ನು ಮುಟ್ಟಬೇಡಿ' ಎಂದು ಬರೆದು ಅಡಿಗೆರೆ ಹಾಕಿದೆ.